ಗೋಡೆಗೆ ಹಚ್ಚುವ ವಾರ್ತಾಪತ್ರ

ನಮ್ಮ ವಾರ್ತಾಪತ್ರ ಸದಸ್ಯರ ಮನೆ ಸೇರುತ್ತದೆ. ಆದರೆ ಅಡಿಕೆ ತೋಟದಲ್ಲಿ ಮದ್ದು ಕಲಸುವ, ಮರ ಹತ್ತಿ ಹೊಡೆಯುವ ಕೆಲಸಗಾರರ ಕಣ್ಣಿಗೆ ಅದು ಬೀಳುವುದು ಅಪರೂಪ. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವೆಂದರೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಇದು ಡ್ರಮ್ಮಿನ ಬಳಿ ನಿಂತವರಿಗೇ ಮೊದಲು ತಿಳಿದಿರಬೇಕು. ಅಳತೆ ತಪ್ಪಿದರೆ ವರ್ಷದ ಫಸಲು ಮಣ್ಣುಪಾಲಾದೀತು. ಆದುದರಿಂದ ಇಂತಹ ವಿಷಯಗಳನ್ನು ಒಂದೇ ಹಾಳೆಯಲ್ಲಿ ದೊಡ್ಡದಾಗಿ ಅಚ್ಚು ಮಾಡಿಸಿ ಗೋಡೆಗೆ ಹಚ್ಚುವುದು ಲೇಸೆಂದು ನಾವು ಭಾವಿಸುತ್ತೇವೆ. ಕಾರ್ಮಿಕರೇ ನಡೆಸುವ ಸಹಕಾರ ಸಂಘಗಳಿಗೂ ಈ ಕ್ರಮ ಒಪ್ಪುತ್ತದೆ.

ಇದಕ್ಕೆ ಸ್ಕ್ರೈಬಸ್ ಎಂಬ ಪುಟವಿನ್ಯಾಸದ ಮುಕ್ತ ತಂತ್ರಾಂಶವಿದೆ. ಹಣ ಕೊಡಬೇಕಾಗಿಲ್ಲ, ಎಷ್ಟು ಕಂಪ್ಯೂಟರುಗಳಿಗಾದರೂ ಹಾಕಿಕೊಳ್ಳಬಹುದು. ವರ್ಷವರ್ಷವೂ ಚಂದಾ ಕಟ್ಟುವ ತಂತ್ರಾಂಶವಾದರೆ, ಚಂದಾ ನಿಂತ ದಿನ ನಮ್ಮದೇ ಹಾಳೆಯನ್ನು ತಿದ್ದುವುದೂ ಕಷ್ಟ. ಇಲ್ಲಿ ಆ ಭಯವಿಲ್ಲ. ಆದರೆ 2024ರಲ್ಲಿ ಹೊರಬಂದ 1.6 ಅಥವಾ ಅದರ ನಂತರದ ಆವೃತ್ತಿಯನ್ನೇ ಬಳಸತಕ್ಕದ್ದು. ಹಳೆಯ 1.4ರಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುವುದಿಲ್ಲ.

ಮೊದಲು ಎ-3 ಅಳತೆಯ ಪುಟ ತೆರೆಯಿರಿ. ಇದು 297 ಮಿ.ಮೀ. ಅಗಲ, 420 ಮಿ.ಮೀ. ಉದ್ದ, ಅಂದರೆ ಎರಡು ಎ-4 ಹಾಳೆಗಳಷ್ಟು. ಒಂದು ಹಾಳೆಗೆ ಒಂದೇ ವಿಷಯವಿರಲಿ. ತಲೆಬರಹ 72 ಪಾಯಿಂಟ್, ಎಂದರೆ ಸುಮಾರು ಒಂದು ಅಂಗುಲ ಇರಲಿ. ಒಳಬರಹ 24 ಪಾಯಿಂಟಿಗೆ ಕಡಿಮೆಯಾಗದಿರಲಿ. ಅಳತೆಯ ಅಂಕಿಗಳನ್ನು ತಲೆಬರಹದಷ್ಟೇ ದೊಡ್ಡದು ಮಾಡಿ. ಚಿತ್ರದ ಮೇಲೆ ಅಕ್ಷರ ಹಾಕಬೇಡಿ. ಜೆರಾಕ್ಸ್ ಮಾಡಿದಾಗ ಎರಡೂ ಮಸಿಯಾಗುತ್ತವೆ. ಓದು ಬಾರದವರಿಗಾಗಿ ಎರಡು ಚೀಲ, ಒಂದು ಡ್ರಮ್ಮಿನ ಸರಳ ರೇಖಾಚಿತ್ರ ಸಾಕು. ಇದನ್ನು ಇಂಕ್‌ಸ್ಕೇಪ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದಲ್ಲಿ ಬರೆಯಬಹುದು.

ಅಕ್ಷರಗಳಿಗೆ ನೋಟೋ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ ಮುಂತಾದ ಯೂನಿಕೋಡ್ ಫಾಂಟುಗಳು ಪುಕ್ಕಟೆಯಾಗಿ ದೊರೆಯುತ್ತವೆ. ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಟೈಪು ಮಾಡಿದ ಬರಹವನ್ನು ಪರಿವರ್ತಿಸದೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಪಿಡಿಎಫ್ ಮಾಡುವಾಗ ಫಾಂಟನ್ನು ಅದರೊಳಗೇ ಸೇರಿಸಿರಿ. ಇಲ್ಲವಾದರೆ ಅಚ್ಚಿನ ಅಂಗಡಿಯ ಕಂಪ್ಯೂಟರಿನಲ್ಲಿ ಅಕ್ಷರ ಬದಲಾಗಬಹುದು.

ಎಲ್ಲಕ್ಕಿಂತ ಮುಖ್ಯವಾದುದು ತಾಳೆ ನೋಡುವ ಕೆಲಸ. ಒಂದು ಪ್ರತಿಯನ್ನು ಗೋಡೆಗೆ ಹಚ್ಚಿ, ಎಂಟು ಅಡಿ ದೂರ ನಿಂತು ಓದಿರಿ. ಅಂಕಿಗಳನ್ನು ಇಬ್ಬರು ಪರೀಕ್ಷಿಸಲಿ. ಮದ್ದು ಕಲಸುವವರಲ್ಲೊಬ್ಬರಿಗೆ ತೋರಿಸಿ ಏನು ತಿಳಿಯಿತೆಂದು ಕೇಳಿರಿ. ಅವರಿಗೆ ತಿಳಿಯದಿದ್ದರೆ ತಿದ್ದಬೇಕಾದುದು ಹಾಳೆಯನ್ನು. ಮುಂಗಾರು ಹಿಡಿಯುವುದಕ್ಕೆ ಮುಂಚೆಯೇ ಈ ಕೆಲಸ ಮುಗಿಯಲಿ.