ಸೀಟಿನ ಕೆಳಗೆ ಏನೈತಿ?

ಮಹಾಲಿಂಗಪುರ ಬೆಲ್ಲಕ್ಕೆ ಹೆಸರಾದ ಊರು. ನಾವು ಬಹಳ ಮಂದಿ ಮೋಟಾರ್ ಸೈಕಲ್ ಮೇಲೆ ಪೇಟೆಗೆ ಬರುತ್ತೇವೆ. ಸೀಟಿನ ಕೆಳಗೆ ಏನೇನು ಇಡುತ್ತೇವೆ?

ಪಾನಾ, ಸ್ಕ್ರೂಡ್ರೈವರ್, ಒಂದು ಪ್ಲಗ್, ಒರೆಸುವ ಅರಿವೆ. ದಾರ್‍ಯಾಗ ಗಾಡಿ ನಿಂತರೆ ಇವು ಬೇಕು. ಪೆಟ್ರೋಲ್ ಬಾಟಲಿ ಮಾತ್ರ ಬ್ಯಾಡ. ಬೆಂಕಿ ಹತ್ತೀತು.

ಪ್ಲಾಸ್ಟಿಕ್ ಚೀಲದಾಗ ವಿಮೆ ಕಾಗದವೂ ಇರತೈತಿ. ತೆಗೆದು ಓದೋಣ. ಕಾಗದ ಇಂಗ್ಲಿಷಿನಲ್ಲಿದ್ದರೂ ಅಂಕಿ ನಮಗೆ ಗೊತ್ತು. ಗಾಡಿ ನಂಬರ್ ಸರಿ ಇದೆಯೇ? ವಿಮೆ ಮುಗಿಯುವ ತಾರೀಖು ಯಾವುದು?

1988ರ ಮೋಟಾರು ವಾಹನ ಕಾಯ್ದೆಯಂತೆ ಪ್ರತಿ ಗಾಡಿಗೂ ವಿಮೆ ಬೇಕು. ತಾರೀಖು ದಾಟಿದ ಮೇಲೆ ನಮ್ಮ ತಪ್ಪಿನಿಂದ ಯಾರಿಗಾದರೂ ಗಾಡಿ ಬಡಿದರೆ ಪರಿಹಾರ ನಾವೇ ಕೊಡಬೇಕು. ಹೊಲ ಮಾರುವ ಹೊತ್ತು ಬಂದೀತು.

ಇಂದೇ ಸೀಟು ಎತ್ತಿ ನೋಡೋಣ.