ಆಡಿದ್ದು ಒಂದೇ ಟೆಸ್ಟ್, ಅಡ್ಡ ಬಂದಿದ್ದು ಸೀನು: ಕಲ್ಕತ್ತಾದಲ್ಲಿ ಹುಟ್ಟಿದ ಈ ಇಂಗ್ಲೆಂಡ್ ಕ್ರಿಕೆಟಿಗ ಯಾರು?

ಇಂಗ್ಲೆಂಡ್ ಪರ ಆಡಿದ್ದು ಒಂದೇ ಟೆಸ್ಟ್. ಗಳಿಸಿದ್ದು 5 ರನ್. ಆದರೂ 2006ರ ಡಿಸೆಂಬರ್‌ನಲ್ಲಿ 92ನೇ ವಯಸ್ಸಿನಲ್ಲಿ ನಿಧನರಾದಾಗ, ನಾರ್ಮನ್ ಮಿಚೆಲ್-ಇನ್ನಿಸ್ ಇಂಗ್ಲೆಂಡಿನ ಅತ್ಯಂತ ಹಿರಿಯ ಟೆಸ್ಟ್ ಕ್ರಿಕೆಟಿಗರಾಗಿದ್ದರು. ಅವರ ಬದುಕು ಆ ಕಾಲದ ಕ್ರಿಕೆಟ್ ಮತ್ತು ಸರ್ಕಾರಿ ನೌಕರಿಯ ನಂಟನ್ನು ಚೆನ್ನಾಗಿ ತೋರಿಸುತ್ತದೆ.

16ರಲ್ಲೇ ಕೌಂಟಿ ಕ್ರಿಕೆಟ್

1914ರ ಸೆಪ್ಟೆಂಬರ್ 7ರಂದು ಕಲ್ಕತ್ತಾದಲ್ಲಿ ಜನಿಸಿದ ಅವರು ಓದಿದ್ದು ಇಂಗ್ಲೆಂಡಿನಲ್ಲಿ. 1931ರಲ್ಲಿ, ಇನ್ನೂ ಶಾಲೆಯಲ್ಲಿರುವಾಗಲೇ ಸೋಮರ್‌ಸೆಟ್ ತಂಡಕ್ಕೆ ಆಡಿದರು. 1935ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪರ ಪ್ರವಾಸಿ ದಕ್ಷಿಣ ಆಫ್ರಿಕಾ ವಿರುದ್ಧ 168 ರನ್ ಬಾರಿಸಿದ್ದೇ ತಡ, ಟೆಸ್ಟ್ ತಂಡದಿಂದ ಕರೆ ಬಂತು. ಆಗ ಅವರಿಗೆ 20 ವರ್ಷ.

ನಾಟಿಂಗ್‌ಹ್ಯಾಮ್‌ನ ಟ್ರೆಂಟ್ ಬ್ರಿಜ್‌ನಲ್ಲಿ ನಡೆದ ಆ ಪಂದ್ಯ ಡ್ರಾ ಆಯಿತು. ಲಾರ್ಡ್ಸ್‌ನ ಮುಂದಿನ ಟೆಸ್ಟ್‌ಗೂ ಅವರ ಹೆಸರಿತ್ತು. ಆದರೆ ಹೂವಿನ ಪರಾಗದಿಂದ ಬರುವ ಅಲರ್ಜಿ, ಅಂದರೆ ಹೇ ಫೀವರ್ ಕಾಡಿತು. ಸೀನುತ್ತಾ ಕ್ಯಾಚ್ ಹಿಡಿಯುವುದು ಹೇಗೆ? ಅವರು ಹಿಂದೆ ಸರಿದರು. ಆ ಟೆಸ್ಟ್ ಗೆದ್ದ ದಕ್ಷಿಣ ಆಫ್ರಿಕಾ, ಇಂಗ್ಲೆಂಡ್ ನೆಲದಲ್ಲಿ ತನ್ನ ಮೊದಲ ಟೆಸ್ಟ್ ಜಯ ದಾಖಲಿಸಿತು. ಮಿಚೆಲ್-ಇನ್ನಿಸ್‌ಗೆ ಮತ್ತೆ ಟೆಸ್ಟ್ ಆಡುವ ಅವಕಾಶ ಸಿಗಲೇ ಇಲ್ಲ.

ಹವ್ಯಾಸಿ ಎಂದರೆ ಯಾರು?

ಆಗ ಇಂಗ್ಲೆಂಡಿನಲ್ಲಿ ಆಟಗಾರರಲ್ಲಿ ಎರಡು ವರ್ಗ. ಸಂಬಳ ಪಡೆದು ಆಡುವವರು ವೃತ್ತಿಪರರು. ಸಂಬಳವಿಲ್ಲದೆ ಆಡುವವರು ಹವ್ಯಾಸಿಗಳು. ಇವರಲ್ಲಿ ಹೆಚ್ಚಿನವರು ಉಳ್ಳವರ ಮನೆಯ ಮಕ್ಕಳು. ಅನೇಕ ಮೈದಾನಗಳಲ್ಲಿ ಇಬ್ಬರಿಗೂ ಬೇರೆ ಬೇರೆ ಡ್ರೆಸ್ಸಿಂಗ್ ರೂಮ್ ಇತ್ತು. ನಾಯಕತ್ವ ಸಾಮಾನ್ಯವಾಗಿ ಹವ್ಯಾಸಿಗಳದ್ದೇ. ಈ ಭೇದ ರದ್ದಾಗಿದ್ದು 1962ರಲ್ಲಿ.

ಆದರೆ ಹವ್ಯಾಸಿಗೂ ಹೊಟ್ಟೆಪಾಡಿದೆ. ಮಿಚೆಲ್-ಇನ್ನಿಸ್ ಆರಿಸಿಕೊಂಡಿದ್ದು ಸುಡಾನ್ ಪೊಲಿಟಿಕಲ್ ಸರ್ವಿಸ್.

ಪರೀಕ್ಷೆಯಿಲ್ಲದ ನೌಕರಿ

ಭಾರತದ ಐಸಿಎಸ್‌ಗೆ ಕಠಿಣ ಸ್ಪರ್ಧಾತ್ಮಕ ಪರೀಕ್ಷೆ ಇತ್ತು. ಸುಡಾನ್ ಸೇವೆಗೆ ಅಂಥದ್ದು ಇರಲಿಲ್ಲ. ಸಂದರ್ಶನವೇ ಮುಖ್ಯ, ಆಕ್ಸ್‌ಫರ್ಡ್, ಕೇಂಬ್ರಿಜ್‌ನ ಕ್ರೀಡಾಪಟುಗಳಿಗೆ ಮಣೆ. ಆ ವಿಶ್ವವಿದ್ಯಾಲಯಗಳ ಪರ ಆಡಿದವರಿಗೆ ಸಿಗುವ ಗೌರವದ ಹೆಸರು 'ಬ್ಲೂ'. ಹಾಗಾಗಿ 'ಕರಿಯರ ನಾಡನ್ನು ಬ್ಲೂಗಳು ಆಳುತ್ತಾರೆ' ಎಂಬ ಮಾತೇ ಹುಟ್ಟಿಕೊಂಡಿತ್ತು. ಕೇಳಲು ತಮಾಷೆಯಾಗಿದ್ದರೂ, ಆಳಿಸಿಕೊಳ್ಳುವ ಸುಡಾನಿಗಳನ್ನು ಯಾರೂ ಕೇಳಿರಲಿಲ್ಲ ಎಂಬ ಸತ್ಯ ಅದರೊಳಗಿದೆ.

ಈ ನೌಕರಿಯಲ್ಲಿ ಪ್ರತಿ ವರ್ಷ ದೀರ್ಘ ರಜೆ ಸಿಗುತ್ತಿತ್ತು. ಊರಿಗೆ ಬಂದಾಗ ಸೋಮರ್‌ಸೆಟ್ ಪರ ಆಡುತ್ತಿದ್ದರು. 1948ರಲ್ಲಿ ಪೂರ್ತಿ ಸೀಸನ್ ಆಡಬಲ್ಲ ಹವ್ಯಾಸಿ ನಾಯಕ ಸಿಗದೆ ಸೋಮರ್‌ಸೆಟ್ ಮೂವರನ್ನು ನೆಚ್ಚಿಕೊಂಡಿತು. ಅವರಲ್ಲಿ ಇಬ್ಬರು, ಮಿಚೆಲ್-ಇನ್ನಿಸ್ ಮತ್ತು ಜೇಕ್ ಸೀಮರ್, ಸುಡಾನ್ ಅಧಿಕಾರಿಗಳೇ!

1956ರ ಜನವರಿ 1ರಂದು ಸುಡಾನ್ ಸ್ವತಂತ್ರವಾಯಿತು. ಅದಕ್ಕೂ ಮುನ್ನವೇ ಮಿಚೆಲ್-ಇನ್ನಿಸ್ ಇಂಗ್ಲೆಂಡಿಗೆ ಮರಳಿ, ಬಿಯರ್ ಕಂಪನಿಯೊಂದರ ಕಾರ್ಯದರ್ಶಿಯಾದರು.

ಪ್ರಥಮ ದರ್ಜೆಯಲ್ಲಿ ಸುಮಾರು 7 ಸಾವಿರ ರನ್, ದ್ವಿಶತಕವೊಂದು ಅವರ ಹೆಸರಿನಲ್ಲಿದೆ. ನಮ್ಮಲ್ಲಿ ರೈಲ್ವೆ, ಬ್ಯಾಂಕುಗಳು ಆಟಗಾರರಿಗೆ ಕೆಲಸ ಕೊಟ್ಟಿದ್ದು ಅವರು ನಿಶ್ಚಿಂತೆಯಿಂದ ಆಡಲಿ ಎಂದು. ಅಲ್ಲಿ ಆಟ ಬಂದರೆ ಒಂದು ದೇಶವನ್ನು ಆಳುವ ಕೆಲಸವೇ ಸಿಗುತ್ತಿತ್ತು. ವ್ಯತ್ಯಾಸ ಇಷ್ಟೇ, ಆದರೆ ಸಣ್ಣದಲ್ಲ.