ಭಾವವೇ ನಿರ್ಣಾಯಕ: ಸಲ್ಲೇಖನ ಮತ್ತು ನ್ಯಾಯಪೀಠ

ವೈದ್ಯನ ಶಸ್ತ್ರವೂ ಕೊಲೆಗಡುಕನ ಶಸ್ತ್ರವೂ ದೇಹವನ್ನು ಸೀಳುತ್ತವೆ. ಒಂದು ಉಪಕಾರ, ಇನ್ನೊಂದು ಹಿಂಸೆ. ಪ್ರಮಾದದಿಂದ, ಅಂದರೆ ರಾಗದ್ವೇಷಗಳಿಗೆ ವಶವಾದ ಮನಸ್ಸಿನಿಂದ, ಪ್ರಾಣಕ್ಕೆ ಘಾತ ಮಾಡುವುದೇ ಹಿಂಸೆ ಎಂದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಅಪರಾಧ ಕಾನೂನು ಕೂಡ ಕೃತ್ಯದ ಜೊತೆಗೆ ಉದ್ದೇಶವನ್ನು ಪರಿಶೀಲಿಸುತ್ತದೆ. ಈ ಎರಡು ದೃಷ್ಟಿಗಳು ಮುಖಾಮುಖಿಯಾದದ್ದು ಸಲ್ಲೇಖನದ ಮೊಕದ್ದಮೆಯಲ್ಲಿ.

2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್, ನಿಖಿಲ್ ಸೋನಿ ಪ್ರಕರಣದಲ್ಲಿ, ಸಂಥಾರ ಅಥವಾ ಸಲ್ಲೇಖನವು ಜೈನಧರ್ಮದ ಅತ್ಯಗತ್ಯ ಆಚರಣೆಯೆಂಬುದು ಸಿದ್ಧವಾಗಿಲ್ಲವೆಂದಿತು. ಅದನ್ನು ಆತ್ಮಹತ್ಯೆಯೆಂದು ಪರಿಗಣಿಸಿ ಭಾರತೀಯ ದಂಡಸಂಹಿತೆಯ 309 ಮತ್ತು 306ನೇ ಕಲಮುಗಳಡಿ ಕ್ರಮ ಜರುಗಿಸುವಂತೆ ಆದೇಶಿಸಿತು. ಜೈನ ಸಮಾಜ ದೇಶದಾದ್ಯಂತ ಮೌನ ಮೆರವಣಿಗೆ ನಡೆಸಿತು. ಅದೇ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು.

ಜೀವಿಸುವ ಹಕ್ಕಿನಲ್ಲಿ ಸಾಯುವ ಹಕ್ಕು ಸೇರಿಲ್ಲ ಎಂಬ 1996ರ ಗ್ಯಾನ್ ಕೌರ್ ತೀರ್ಪು ಹೈಕೋರ್ಟಿನ ತರ್ಕಕ್ಕೆ ಆಧಾರವಾಗಿತ್ತು. ಆದರೆ ಬದುಕಿನ ಸಹಜ ಅಂತ್ಯದವರೆಗೆ ಘನತೆಯಿಂದ ಬಾಳುವ ಹಕ್ಕಿನಲ್ಲಿ ಘನತೆಯ ಮರಣವೂ ಅಡಕವಾಗಿರಬಹುದೆಂದು ಅದೇ ತೀರ್ಪು ಒಪ್ಪಿದೆ. ಸಲ್ಲೇಖನದ ಸ್ಥಾನವನ್ನು ಅರಸಬೇಕಾದದ್ದು ಈ ಎರಡನೆಯ ಮಾತಿನಲ್ಲಿ.

ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವುಗಳಿಗೆ ಪರಿಹಾರವೇ ಇಲ್ಲದಾಗ ಮಾತ್ರ ಸಲ್ಲೇಖನವೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ವಿಧಿಸುತ್ತದೆ. ವ್ರತಕ್ಕೆ ಐದು ಅತಿಚಾರಗಳನ್ನೂ ಹೇಳುತ್ತದೆ. ಬದುಕಿನ ಆಸೆ ಅವುಗಳಲ್ಲೊಂದು. ಬೇಗ ಸಾಯಬೇಕೆಂಬ ಆಸೆಯೂ ಒಂದು! ಸಾವನ್ನು ಬಯಸಿದೊಡನೆ ವ್ರತ ಕಳಂಕಿತವಾಗುತ್ತದೆ. ಹತಾಶೆಯಿಂದ, ಸಿಟ್ಟಿನಿಂದ, ಅವಮಾನದಿಂದ ಪ್ರಾಣ ತೊರೆಯಲು ಹೊರಟವರಿಗೆ ಈ ಹೆಸರು ಎಂದಿಗೂ ಸಲ್ಲದು. ಅವರಿಗೆ ಬೇಕಾದದ್ದು ಆಸರೆ, ಚಿಕಿತ್ಸೆ. ದೇಹಕ್ಕಿಂತ ಮೊದಲು ಕೃಶವಾಗಬೇಕಾದುವು ಕಷಾಯಗಳು.

ಕಲಬುರಗಿ ಜಿಲ್ಲೆಯ ಮಳಖೇಡವನ್ನು ರಾಜಧಾನಿಯಾಗಿ ಹೊಂದಿದ್ದ ರಾಷ್ಟ್ರಕೂಟರ ವಂಶದ ನಾಲ್ಕನೆಯ ಇಂದ್ರ, 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನ ಸ್ವೀಕರಿಸಿದನೆಂಬುದಕ್ಕೆ ಶಾಸನವಿದೆ. ಆದರೆ ಪ್ರಾಚೀನವಾದ ಮಾತ್ರಕ್ಕೆ ಎಲ್ಲವೂ ನ್ಯಾಯಸಮ್ಮತವಾಗದು. ನ್ಯಾಯಪೀಠದ ಆತಂಕದಲ್ಲೂ ಸತ್ಯದ ಒಂದು ನಯವಿದೆಯೆಂದು ಒಪ್ಪುವುದೇ ಅನೇಕಾಂತ.

ಕಮಲಾಪುರದ ಮನೆಯೊಂದರಲ್ಲಿ, ಗುಣವಾಗದ ರೋಗಕ್ಕೆ ತುತ್ತಾದ ವೃದ್ಧೆಯೊಬ್ಬರು ಅನ್ನ ತ್ಯಜಿಸುವೆನೆಂದರು ಎಂದು ಭಾವಿಸೋಣ. ಆ ಮಾತು ಅವರ ವೈರಾಗ್ಯದಿಂದ ಹೊಮ್ಮಿತೋ, ಕಲಬುರಗಿಯ ಆಸ್ಪತ್ರೆಗೆ ಅಲೆದು ದಣಿದ ಮಕ್ಕಳ ಮುಖ ನೋಡಿ ಬಂದಿತೋ? ಎರಡನೆಯದಾದರೆ ಅದು ವ್ರತವಲ್ಲ; ಮನೆಯವರ ಪ್ರಮಾದ. ಕಲಬುರಗಿಯ ಹೈಕೋರ್ಟ್ ಪೀಠದ ಮುಂದೆ ಬಂದರೂ ಕೇಳಬೇಕಾದ ಪ್ರಶ್ನೆ ಇದೇ. ಸಾಧಕನ ಮನಸ್ಸನ್ನು ಪರೀಕ್ಷಿಸದೆ ಅನುಮತಿ ನೀಡದ ಗುರು ಕೇಳುವುದೂ ಇದನ್ನೇ.

2018ರ ಮಾರ್ಚ್ 9ರ ಕಾಮನ್ ಕಾಸ್ ತೀರ್ಪು, ಪ್ರಜ್ಞಾಪೂರ್ವಕವಾಗಿ ಚಿಕಿತ್ಸೆಯನ್ನು ನಿರಾಕರಿಸುವ ವಯಸ್ಕರ ಹಕ್ಕನ್ನು ಮಾನ್ಯ ಮಾಡಿತು. ಮುಂಗಡ ಇಚ್ಛಾಪತ್ರಕ್ಕೆ ಸಾಕ್ಷಿಗಳು ಬೇಕೆಂದೂ ವಿಧಿಸಿತು. ಅದು ಸಲ್ಲೇಖನದ ಕುರಿತ ತೀರ್ಪಲ್ಲ. ಆದರೂ ಒತ್ತಾಯವಿಲ್ಲದ, ತಿಳಿದು ಮಾಡಿದ ನಿರ್ಧಾರವನ್ನು ಗೌರವಿಸಬೇಕೆಂಬ ಅದರ ತಿರುಳು ಶ್ರಾವಕಾಚಾರಕ್ಕೆ ಸಮೀಪವಾದುದು. ಶ್ರಾವಕರು ಸಲ್ಲೇಖನವನ್ನು ಕಾಪಾಡಬೇಕಾದದ್ದು ಮೆರವಣಿಗೆಯಿಂದ ಮಾತ್ರವಲ್ಲ. ಹಿರಿಯರ ಹಾಸಿಗೆಯ ಬಳಿ ಕುಳಿತು, ಅವರು ಮನೆಗೆ ಹೊರೆಯಲ್ಲವೆಂಬ ಭರವಸೆಯನ್ನು ನಿತ್ಯವೂ ನೀಡುವುದರಿಂದ. ಆ ಭರವಸೆ ದೊರೆತ ಮೇಲೂ ಉಳಿಯುವ ವೈರಾಗ್ಯವೇ ಸಲ್ಲೇಖನಕ್ಕೆ ಯೋಗ್ಯ.